ಥೋರೋನ ಮೊದಲ ಪುಸ್ತಕ ಮತ್ತು ಮರಳಿ ಬಂದ 706 ಪ್ರತಿಗಳು

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಜೈನ ಪರಂಪರೆಯು ವಿಶೇಷ ಮಹತ್ತ್ವವನ್ನು ನೀಡಿದೆ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಸಾಹಿತ್ಯ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಆ ಕಾವ್ಯವನ್ನು ಬರೆಯಿಸಿದವರಲ್ಲಿ ಆಕೆಯ ತಂದೆ ಮಲ್ಲಪನೂ ಒಬ್ಬ. ಇಲ್ಲಿ ಕೃತಿರಚನೆ ಕವಿಯದು. ಓಲೆ, ಲಿಪಿಕಾರ, ಪ್ರಸಾರ ಇವುಗಳ ಹೊಣೆ ದಾನಿಯದು. ಎಷ್ಟು ಪ್ರತಿ ಖರ್ಚಾಯಿತೆಂಬ ಲೆಕ್ಕ ಕವಿಯನ್ನು ಕಾಡುವ ಪ್ರಸಂಗವೇ ಇರಲಿಲ್ಲ.

ಮುದ್ರಣಯಂತ್ರವು ಈ ವ್ಯವಸ್ಥೆಯನ್ನು ಬದಲಿಸಿತು. ಪ್ರತಿಗಳನ್ನು ಮಾಡುವುದು ಸುಲಭವಾಯಿತು. ಆದರೆ ದಾನಿಯ ಸ್ಥಾನಕ್ಕೆ ಕೊಳ್ಳುವವನು ಬಂದನು. ಕೊಳ್ಳುವವರು ಬಾರದಿದ್ದಾಗ ನಷ್ಟವನ್ನು ಯಾರು ಹೊರಬೇಕೆಂಬ ಪ್ರಶ್ನೆ ಹುಟ್ಟಿಕೊಂಡಿತು. ಸ್ವಂತ ಹೊಣೆಯ ಮೇಲೆ ಪುಸ್ತಕ ಅಚ್ಚು ಹಾಕಿಸಿದ ಲೇಖಕನಿಗೆ ಈ ಪ್ರಶ್ನೆ ಹಣದ ಮಟ್ಟದಲ್ಲಿ ಮುಗಿಯುವುದಿಲ್ಲ. ಮುಂದೆ ಬರೆಯಬೇಕೇ ಬೇಡವೇ ಎಂಬಲ್ಲಿಗೆ ಅದು ಬಂದು ನಿಲ್ಲುತ್ತದೆ. ಅತ್ತಿಮಬ್ಬೆಯ ಕಾಲದಿಂದ ಎಂಟೂವರೆ ಶತಮಾನಗಳ ತರುವಾಯ, ಅಮೆರಿಕೆಯಲ್ಲಿ, ಸಾವಿರ ಪ್ರತಿಗಳದೇ ಒಂದು ಮುದ್ರಣವು ಹೆನ್ರಿ ಡೇವಿಡ್ ಥೋರೋನ ಮುಂದೆ ಈ ಪ್ರಶ್ನೆಯನ್ನಿಟ್ಟಿತು. ಅವನು ಕೊಟ್ಟ ಉತ್ತರಕ್ಕೆ ಅವನ ದಿನಚರಿಯಲ್ಲಿಯೇ ದಾಖಲೆಗಳಿರುವುದರಿಂದ ಅದನ್ನು ಊಹೆಯ ಹಂಗಿಲ್ಲದೆ ಪರಿಶೀಲಿಸಬಹುದಾಗಿದೆ.

ಮ್ಯಾಸಚೂಸೆಟ್ಸಿನ ಕಾಂಕರ್ಡ್ ಎಂಬ ಊರಿನಲ್ಲಿ 1817ರಲ್ಲಿ ಹುಟ್ಟಿದ ಥೋರೋ, ಹಾರ್ವರ್ಡಿನಲ್ಲಿ ಓದು ಮುಗಿಸಿದ ವರ್ಷವೇ, ಎಂದರೆ 1837ರ ಅಕ್ಟೋಬರಿನಲ್ಲಿ, ದಿನಚರಿ ಬರೆಯತೊಡಗಿದನು. 1839ರಲ್ಲಿ ಅವನೂ ಅವನ ಅಣ್ಣ ಜಾನನೂ ತಾವೇ ಕಟ್ಟಿದ ದೋಣಿಯಲ್ಲಿ ಕಾಂಕರ್ಡ್ ಮತ್ತು ಮೆರಿಮ್ಯಾಕ್ ನದಿಗಳ ಮೇಲೆ ಪಯಣಿಸಿದರು. 1842ರ ಜನವರಿಯಲ್ಲಿ ಜಾನ್ ಧನುರ್ವಾಯುವಿಗೆ ತುತ್ತಾಗಿ ತಮ್ಮನ ತೋಳುಗಳಲ್ಲಿಯೇ ಪ್ರಾಣಬಿಟ್ಟನು. ಆ ಪಯಣವನ್ನು ಪುಸ್ತಕವಾಗಿಸುವುದು ಥೋರೋನಿಗೆ ಅಣ್ಣನ ಋಣವನ್ನು ತೀರಿಸುವ ಕಾರ್ಯವೂ ಆಗಿತ್ತು. 1845ರ ಜುಲೈಯಿಂದ 1847ರ ಸೆಪ್ಟೆಂಬರಿನವರೆಗೆ ಅವನು ವಾಲ್ಡನ್ ಕೊಳದ ದಡದ ಗುಡಿಸಲಿನಲ್ಲಿ ಏಕಾಂತವಾಸ ಮಾಡಿದುದನ್ನು ಎಲ್ಲರೂ ಬಲ್ಲರು. ಅಲ್ಲಿ ಅವನು ಕೈಗೆತ್ತಿಕೊಂಡ ಮುಖ್ಯ ಬರವಣಿಗೆಯು ಈ ನದೀಯಾನದ ಪುಸ್ತಕವೇ ಆಗಿತ್ತೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಹಸ್ತಪ್ರತಿ ಸಿದ್ಧವಾದ ಮೇಲೆ ಪ್ರಕಾಶಕರ ಶೋಧ ನಡೆಯಿತು. ಹಿರಿಯ ಸ್ನೇಹಿತನಾದ ಎಮರ್ಸನ್ ಶಿಫಾರಸು ಮಾಡಿದರೂ ಪ್ರಕಾಶಕರು ತಮ್ಮ ಹಣ ತೊಡಗಿಸಲು ಒಪ್ಪಲಿಲ್ಲ. ಕೊನೆಗೆ ಎಮರ್ಸನ್ನನ ಒತ್ತಾಸೆಯ ಮೇರೆಗೆ ಥೋರೋ ಬಾಸ್ಟನ್ನಿನ ಜೇಮ್ಸ್ ಮನ್ರೋ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡನು. ಪುಸ್ತಕ ಮಾರಾಟವಾಗದಿದ್ದರೆ ಮುದ್ರಣದ ವೆಚ್ಚವನ್ನು ಲೇಖಕನೇ ಭರಿಸತಕ್ಕದ್ದೆಂಬುದು ಅದರ ಷರತ್ತು. ಹೆಸರು ಪ್ರಕಾಶಕನದು, ಹೊಣೆ ಲೇಖಕನದು. 'ಎ ವೀಕ್ ಆನ್ ದಿ ಕಾಂಕರ್ಡ್ ಅಂಡ್ ಮೆರಿಮ್ಯಾಕ್ ರಿವರ್ಸ್' ಹೀಗೆ 1849ರ ಮೇ ತಿಂಗಳ ಕೊನೆಯಲ್ಲಿ ಬೆಳಕು ಕಂಡಿತು. ಸುಮಾರು ಎರಡು ವಾರಗಳ ಬಳಿಕ ಥೋರೋನ ಅಕ್ಕ ಹೆಲೆನ್ ತೀರಿಕೊಂಡಳು.

ವಿಮರ್ಶಕರು ಪುಸ್ತಕದ ನಿಸರ್ಗವರ್ಣನೆಯನ್ನು ಮೆಚ್ಚಿಕೊಂಡರೂ ಉಳಿದುದನ್ನು ಅನುಮಾನದಿಂದ ನೋಡಿದರು. ನದಿಯ ಕಥನದ ನಡುವೆ ಗ್ರೀಕ್ ಕವಿಗಳು, ಸ್ನೇಹದ ಮೀಮಾಂಸೆ, ಮನುಧರ್ಮಶಾಸ್ತ್ರ, ಚಾರ್ಲ್ಸ್ ವಿಲ್ಕಿನ್ಸ್ ಅನುವಾದಿಸಿದ ಭಗವದ್ಗೀತೆ ಇವೆಲ್ಲ ಬಂದುಹೋಗುತ್ತವೆ. ಕ್ರೈಸ್ತ ಧರ್ಮಗ್ರಂಥದ ಸಾಲಿನಲ್ಲಿ ಪೂರ್ವದೇಶದ ಗ್ರಂಥಗಳನ್ನು ಕೂರಿಸಿದ್ದು ಧಾರ್ಮಿಕ ಮನಸ್ಸುಗಳಿಗೆ ಹಿಡಿಸಲಿಲ್ಲ. ಜೇಮ್ಸ್ ರಸೆಲ್ ಲೋವೆಲ್‌ನಂತಹ ವಿಮರ್ಶಕನಿಗೆ ಈ ಅಡ್ಡದಾರಿಗಳೇ ದೋಷವಾಗಿ ತೋರಿದವು. ಪುಸ್ತಕದ ಕೊನೆಯ ಪುಟದಲ್ಲಿ 'ವಾಲ್ಡನ್' ಶೀಘ್ರದಲ್ಲಿಯೇ ಹೊರಬರಲಿದೆ ಎಂಬ ಪ್ರಕಟಣೆಯಿತ್ತು. ಮೊದಲನೆಯದನ್ನೇ ಕೊಳ್ಳುವವರಿಲ್ಲದಿದ್ದಾಗ ಎರಡನೆಯದನ್ನು ಅಚ್ಚು ಹಾಕುವವರು ಯಾರು? ಶೀಘ್ರದಲ್ಲಿ ಬರಬೇಕಾದ ಪುಸ್ತಕ ಐದು ವರ್ಷ ತಡವಾಯಿತು.

ಸಾಲ ಮಾತ್ರ ತಡಮಾಡಲಿಲ್ಲ. ಥೋರೋನ ಮನೆಯವರದು ಪೆನ್ಸಿಲ್ ತಯಾರಿಕೆಯ ಉದ್ಯೋಗ. ನೂರು ಡಾಲರಿನ ಒಂದು ಬಾಕಿಯನ್ನು ತೀರಿಸಲು ಅವನು ಸಾವಿರ ಡಾಲರ್ ಬೆಲೆಯ ಪೆನ್ಸಿಲ್‌ಗಳನ್ನು ತಯಾರಿಸಿ, ನಿಧಾನವಾಗಿ ಮಾರಿ, ಕಡೆಗೆ ನಷ್ಟಕ್ಕೆ ಬಿಟ್ಟುಕೊಟ್ಟ ಸಂಗತಿಯನ್ನು ದಿನಚರಿಯಲ್ಲಿ ನಮೂದಿಸಿದ್ದಾನೆ. ಇದರ ಜೊತೆಗೆ ಭೂಮಾಪನದ ವೃತ್ತಿಯನ್ನು ಕೈಗೊಂಡು, ಸರಪಳಿ ಹಿಡಿದು ಕಾಂಕರ್ಡಿನ ರೈತರ ಹೊಲ ಕಾಡುಗಳ ಗಡಿಗಳನ್ನು ಅಳೆದನು. ಮನ್ರೋ ಸಂಸ್ಥೆಗೆ ಒಟ್ಟು ಸಂದಾಯವಾದ ಹಣ 290 ಡಾಲರ್. ಬೇರೆ ಮೂಲಗಳಿಂದ ಅವನ ಕೈಸೇರಿದ್ದು ಸುಮಾರು 15 ಡಾಲರ್. ವಾಲ್ಡನ್ ಕೊಳದ ದಡದಲ್ಲಿ ಅವನು ಕಟ್ಟಿಕೊಂಡ ಮನೆಗೆ ತಗುಲಿದ ವೆಚ್ಚ 28 ಡಾಲರ್ 12½ ಸೆಂಟ್. ಒಂದು ಪುಸ್ತಕಕ್ಕೆ ಅಂತಹ ಹತ್ತು ಮನೆಗಳ ಬೆಲೆ ತೆರಬೇಕಾಯಿತೆಂದರೆ ನಷ್ಟದ ಪ್ರಮಾಣ ಅರಿವಾಗುತ್ತದೆ.

ಮಾರಾಟವಾಗದ ಪ್ರತಿಗಳಿಗೆ ಉಗ್ರಾಣದಲ್ಲಿ ಜಾಗವಿಲ್ಲವೆಂದು ಪ್ರಕಾಶಕನು ಮತ್ತೆ ಮತ್ತೆ ಪತ್ರ ಬರೆದುದರ ಫಲವಾಗಿ, 1853ರ ಅಕ್ಟೋಬರಿನಲ್ಲಿ ಅವು ಬಂಡಿಯೇರಿ ಕಾಂಕರ್ಡಿಗೆ ಬಂದವು. ಅಕ್ಟೋಬರ್ 28ರ ದಿನಚರಿಯಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಸಾವಿರ ಪ್ರತಿಗಳಲ್ಲಿ ಹಿಂದಿರುಗಿದವು 706. ಹಂಚಲ್ಪಟ್ಟವು 75. ನಾಲ್ಕು ವರ್ಷಗಳಲ್ಲಿ ಮಾರಾಟವಾದವು ಇನ್ನೂರ ಇಪ್ಪತ್ತರಷ್ಟು ಮಾತ್ರ. ಅವನ್ನು ಬೆನ್ನ ಮೇಲೆ ಹೊತ್ತು ಎರಡು ಮಹಡಿ ಹತ್ತಿಸಿ ತನ್ನ ಕೋಣೆಯಲ್ಲಿ ಪೇರಿಸಿದ ಥೋರೋ, ತನ್ನ ಬಳಿ ಈಗ ಸುಮಾರು ಒಂಬೈನೂರು ಪುಸ್ತಕಗಳ ಗ್ರಂಥಾಲಯವಿದ್ದು, ಅದರಲ್ಲಿ ಏಳುನೂರಕ್ಕೂ ಹೆಚ್ಚಿನವು ತಾನೇ ಬರೆದವೆಂದು ವಿನೋದವಾಡಿದ್ದಾನೆ. ಈ ಮಾತು ಜಗತ್ಪ್ರಸಿದ್ಧವಾಗಿದೆ. ಆದರೆ ಅದೇ ನಮೂದಿನ ಮುಂದಿನ ಭಾಗವು ಇದಕ್ಕಿಂತ ಮುಖ್ಯವಾದುದು. ಆ ಜಡರಾಶಿಯ ಪಕ್ಕದಲ್ಲಿ ಕುಳಿತು, ಎಂದಿನಷ್ಟೇ ತೃಪ್ತಿಯಿಂದ ಅಂದಿನ ಅನುಭವವನ್ನು ಬರೆಯಲು ಲೇಖನಿ ಹಿಡಿದಿರುವುದಾಗಿ ಅವನು ಹೇಳುತ್ತಾನೆ. ಸಾವಿರ ಜನ ಕೊಂಡಿದ್ದರೆ ಆಗುತ್ತಿದ್ದುದಕ್ಕಿಂತ ಇದೇ ತನಗೆ ಲೇಸು, ಇದರಿಂದ ತನ್ನ ಏಕಾಂತ ಕೆಡದೆ ಸ್ವಾತಂತ್ರ್ಯ ಹೆಚ್ಚಿತು ಎಂಬುದು ಅವನ ಅಭಿಪ್ರಾಯ.

ಇದು ನಿಜವಾದ ನಿರ್ಲಿಪ್ತತೆಯೇ, ಅಥವಾ ಸೋತವನು ತನಗೆ ತಾನೇ ಹೇಳಿಕೊಂಡ ಸಮಾಧಾನವೇ? ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿಯು ಮಾತಿನ ಜೊತೆಗೆ ವರ್ತನೆಯನ್ನೂ ಸಾಕ್ಷ್ಯವಾಗಿ ತೆಗೆದುಕೊಳ್ಳಬೇಕಾಗುತ್ತದೆ. ಸರಿಯಾಗಿ ಒಂದು ತಿಂಗಳ ಅನಂತರ, ನವೆಂಬರ್ 28ರಂದು, ಥೋರೋ ಪ್ರಕಾಶಕನ ಲೆಕ್ಕ ಚುಕ್ತಾ ಮಾಡಿ ರಸೀದಿ ಪಡೆದನು. ಅಂದೇ ಹೊಸ ಖಾತೆ ತೆರೆದು ಹನ್ನೆರಡು ಪ್ರತಿಗಳನ್ನು ಅದೇ ಅಂಗಡಿಯಲ್ಲಿ ಮಾರಾಟಕ್ಕಿಟ್ಟನು. ಓದುಗರು ಬೇಡವೆಂದು ನಿಜವಾಗಿಯೂ ನಿರ್ಧರಿಸಿದವನು ಹೀಗೆ ಮಾಡುತ್ತಿರಲಿಲ್ಲ. ಪುಸ್ತಕ ಮಾರಾಟವಾಗಲಿ ಎಂಬ ಆಸೆ ಅವನಲ್ಲಿ ಉಳಿದೇ ಇತ್ತು. ಆದರೆ ಆ ಆಸೆ ಕೈಗೂಡುವವರೆಗೆ ಬರವಣಿಗೆಯನ್ನು ತಡೆಹಿಡಿಯಲು ಅವನು ಸಿದ್ಧನಿರಲಿಲ್ಲ.

ಇದು ಸಾಧ್ಯವಾದುದಕ್ಕೆ ಮನೋಬಲವಷ್ಟೇ ಕಾರಣವೆಂದರೆ ಅರ್ಧ ಸತ್ಯವಾದೀತು. ಅವನ ಜೀವನಕ್ರಮದಲ್ಲಿಯೇ ಅದಕ್ಕೆ ಆಧಾರಗಳಿದ್ದವು. ಮೊದಲನೆಯದು, ಅನ್ನದ ದಾರಿಯನ್ನು ಅವನು ಅಕ್ಷರದಿಂದ ಬೇರ್ಪಡಿಸಿಕೊಂಡನು. ಭೂಮಾಪನ ಹೊಟ್ಟೆ ಹೊರೆಯಿತು, ಪೆನ್ಸಿಲ್ ಸಾಲದ ಭಾರವನ್ನಷ್ಟು ಇಳಿಸಿತು. ಆದ್ದರಿಂದ ಮುಂದಿನ ಪುಸ್ತಕವು ಸಂಸಾರವನ್ನು ಸಾಕಬೇಕೆಂಬ ನಿರ್ಬಂಧವಿರಲಿಲ್ಲ. 'ವಾಲ್ಡನ್'ನ ಮೊದಲ ಅಧ್ಯಾಯದಲ್ಲಿ ಬರುವ ಬುಟ್ಟಿ ಹೆಣೆಯುವವನ ದೃಷ್ಟಾಂತಕ್ಕೆ ಇದೇ ಹಿನ್ನೆಲೆ. ತಾನೂ ಒಂದು ಬಗೆಯ ನವಿರಾದ ಬುಟ್ಟಿಯನ್ನು ಹೆಣೆದೆ. ಅದನ್ನು ಜನ ಕೊಳ್ಳುವಂತೆ ಮಾಡುವುದು ಹೇಗೆಂದು ಚಿಂತಿಸುವ ಬದಲು, ಮಾರಲೇಬೇಕಾದ ಅನಿವಾರ್ಯತೆಯಿಂದ ಪಾರಾಗುವುದು ಹೇಗೆಂದು ಯೋಚಿಸಿದೆ ಎಂಬುದು ಅದರ ತಾತ್ಪರ್ಯ. ಆ ಬುಟ್ಟಿ ಮೊದಲ ಪುಸ್ತಕವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಎರಡನೆಯದು, ದಿನಚರಿ. ಇಪ್ಪತ್ತನೆಯ ವಯಸ್ಸಿನಲ್ಲಿ ಆರಂಭವಾದ ಈ ಅಭ್ಯಾಸವು 1850ರ ಬಳಿಕ ಅವನ ನಿತ್ಯಕರ್ಮವಾಯಿತು. ಒಟ್ಟು ಇಪ್ಪತ್ತು ಲಕ್ಷ ಪದಗಳಷ್ಟಿರುವ ಆ ಬರಹ 1906ರಲ್ಲಿ 14 ಸಂಪುಟಗಳಾಗಿ ಅಚ್ಚಾಯಿತು. ಬರೆಯುವ ಕಾಲಕ್ಕೆ ಅದಕ್ಕೆ ಪ್ರಕಾಶಕನಿರಲಿಲ್ಲ, ಬೆಲೆಯಿರಲಿಲ್ಲ. ಪ್ರಕಟಿತ ಪುಸ್ತಕ ಸೋತಾಗಲೂ ಮರುದಿನ ಬೆಳಿಗ್ಗೆ ಹಿಂದಿರುಗಲು ಒಂದು ಕೆಲಸವಿದ್ದುದು ಈ ಸಾಧನೆಯಿಂದ.

ಮೂರನೆಯದು, ಪರಿಷ್ಕರಣೆ. 'ವಾಲ್ಡನ್' ಹಸ್ತಪ್ರತಿಯನ್ನು ಶೋಧಿಸಿದ ಜೆ. ಲಿಂಡನ್ ಶಾನ್ಲಿ, 1957ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು ಏಳು ಹಂತಗಳಲ್ಲಿ ಬೆಳೆಯಿತೆಂದು ತೋರಿಸಿಕೊಟ್ಟರು. 1849ರಲ್ಲಿಯೇ ಪ್ರಕಾಶಕ ದೊರೆತಿದ್ದರೆ ಲೋಕಕ್ಕೆ ಸಿಗುತ್ತಿದ್ದುದು ಆರಂಭದ ಹಂತದ ಕೃಶವಾದ ಪಠ್ಯ. ಋತುಚಕ್ರದ ಪೂರ್ಣ ವಿನ್ಯಾಸವು ಆ ಐದು ವರ್ಷಗಳ ತಿದ್ದುಪಡಿಯಲ್ಲಿ ಮೂಡಿತು. ಇದರಿಂದ ಸೋಲೇ ಒಳ್ಳೆಯದೆಂದು ಸಾಧಿಸಹೊರಡುವುದು ಸಲ್ಲದು. ಸಾಲಕ್ಕೆ ಬಲಿಯಾದ ದುಡಿಮೆಯ ದಿನಗಳನ್ನು ಅವನಿಗೆ ಯಾರೂ ಮರಳಿಸಲಿಲ್ಲ. ಅವನಿಗೆ ತಾನಾಗಿ ಒದಗಿದ್ದು ವಿಳಂಬ ಮಾತ್ರ. ಅದನ್ನು ತಿದ್ದುವಿಕೆಗೆ ಬಳಸಿಕೊಂಡದ್ದು ಅವನ ಆಯ್ಕೆ. 1854ರ ಆಗಸ್ಟ್ 9ರಂದು ಟಿಕ್ನರ್ ಅಂಡ್ ಫೀಲ್ಡ್ಸ್ ಸಂಸ್ಥೆ 'ವಾಲ್ಡನ್'ನ 2000 ಪ್ರತಿಗಳನ್ನು ತನ್ನ ಖರ್ಚಿನಲ್ಲಿಯೇ ಹೊರತಂದಿತು.

ಓದುಗ ಯಾವಾಗ, ಎಲ್ಲಿಂದ ಬರುತ್ತಾನೆಂಬುದನ್ನು ಮೊದಲ ವರ್ಷಗಳ ಮಾರಾಟ ತಿಳಿಸಲಾರದೆಂಬುದಕ್ಕೆ ಅದೇ 1849ರ ಇನ್ನೊಂದು ನಿದರ್ಶನವಿದೆ. ನಾಗರಿಕ ಅಸಹಕಾರವನ್ನು ಕುರಿತ ಥೋರೋನ ಪ್ರಬಂಧವು ಎಲಿಜಬೆತ್ ಪೀಬಾಡಿ ಹೊರಡಿಸಿದ 'ಈಸ್ತೆಟಿಕ್ ಪೇಪರ್ಸ್' ಎಂಬ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಪತ್ರಿಕೆ ಮೊದಲ ಸಂಚಿಕೆಗೇ ನಿಂತುಹೋಯಿತು. 1907ರಲ್ಲಿ ಆ ಪ್ರಬಂಧದ ಭಾಗಗಳು ದಕ್ಷಿಣ ಆಫ್ರಿಕೆಯಲ್ಲಿ ಗಾಂಧೀಜಿಯವರ 'ಇಂಡಿಯನ್ ಒಪೀನಿಯನ್' ಪತ್ರಿಕೆಯಲ್ಲಿ ಕಾಣಿಸಿಕೊಂಡವು.

ಪುಸ್ತಕದ ಹೊರೆಯನ್ನು ಲೇಖಕನೇ ಹೊತ್ತ ಪ್ರಸಂಗ ಕನ್ನಡ ಓದುಗರಿಗೆ ಗಳಗನಾಥರನ್ನು ನೆನಪಿಸದಿರದು. ಹಾವೇರಿ ಸೀಮೆಯ ಗಳಗನಾಥ ಗ್ರಾಮದಲ್ಲಿ 1869ರಲ್ಲಿ ಜನಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರು 'ಮಾಧವ ಕರುಣಾ ವಿಲಾಸ' ಮೊದಲಾದ ಕಾದಂಬರಿಗಳನ್ನು ಬರೆದು, ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದರು. ಇಬ್ಬರ ದಾರಿಯೂ ಒಂದೇ ಅಲ್ಲ. ಥೋರೋ ಗಂಟನ್ನು ಮಹಡಿಗೆ ಏರಿಸಿದನು. ಗಳಗನಾಥರು ಅದನ್ನು ಓದುಗರ ಹೊಸ್ತಿಲಿಗೆ ಒಯ್ದರು. ಕನ್ನಡದಲ್ಲಿ ಕಾದಂಬರಿ ಓದುವ ಬಳಗವೇ ಇನ್ನೂ ರೂಪುಗೊಳ್ಳಬೇಕಾಗಿದ್ದ ಆ ಕಾಲದಲ್ಲಿ ಮಾರುವುದೂ ಸಾಹಿತ್ಯಸೇವೆಯ ಒಂದು ಅಂಗವೇ ಆಗಿತ್ತು. ಜನ ಕೊಳ್ಳುತ್ತಿಲ್ಲವೆಂಬುದನ್ನು ಬರೆಯದಿರಲು ಕಾರಣವನ್ನಾಗಿ ಇಬ್ಬರೂ ಮಾಡಿಕೊಳ್ಳಲಿಲ್ಲ ಎಂಬಲ್ಲಿ ಅವರು ಸಮಾನರು.

ಮರಳಿ ಬಂದ ಪ್ರತಿಗಳನ್ನು ಥೋರೋ ಕೇವಲ ಪೇರಿಸಿಡಲಿಲ್ಲ. ಅಚ್ಚಿನಲ್ಲಿ ಬಿಟ್ಟುಹೋಗಿದ್ದ ಸಾಲುಗಳನ್ನು ಅನೇಕ ಪ್ರತಿಗಳಲ್ಲಿ ಪೆನ್ಸಿಲಿನಿಂದ ತುಂಬಿಸಿದನು. ತನ್ನ ಸ್ವಂತ ಪ್ರತಿಯಲ್ಲಿ ತಿದ್ದುಪಡಿಗಳನ್ನು ಗುರುತಿಸುತ್ತ ಹೋದನು. 1862ರ ವಸಂತದಲ್ಲಿ ಅವನು ಕ್ಷಯದಿಂದ ಹಾಸಿಗೆ ಹಿಡಿದಿದ್ದಾಗ ಟಿಕ್ನರ್ ಅಂಡ್ ಫೀಲ್ಡ್ಸ್ ಸಂಸ್ಥೆಯು ಉಳಿದಿದ್ದ ಸುಮಾರು ಆರುನೂರು ಪ್ರತಿಗಳನ್ನು ಕೊಂಡು, ಹೊಸ ಮುಖಪುಟದೊಂದಿಗೆ ಹೊರತಂದಿತು. ಮೇ 6ರಂದು ಥೋರೋ ತೀರಿಕೊಂಡನು. ಆ ತಿದ್ದುಪಡಿಗಳನ್ನು ಒಳಗೊಂಡ ಎರಡನೆಯ ಆವೃತ್ತಿ 1868ರಲ್ಲಿ ಅಚ್ಚಾಯಿತು. ಕೊಳ್ಳುವವರಿಲ್ಲದ ಪುಸ್ತಕವನ್ನೂ ಅವನು ಮುಂದೊಮ್ಮೆ ಓದಲ್ಪಡುವ ಪುಸ್ತಕವೆಂದೇ ತಿಳಿದು ತಿದ್ದಿದ್ದನು.