ಮಕ್ಕಳ ಕೈಯಲ್ಲಿ ಗಾಯದ ಗುರುತು ಕಂಡರೆ ಮೊದಲು ಬೈಯಬೇಡಿ: ಏನಿದು ಸ್ವಯಂ ಹಾನಿ?

ಬಿರುಬೇಸಿಗೆಯಲ್ಲೂ ತುಂಬುತೋಳಿನ ಅಂಗಿ. ಕೇಳಿದರೆ 'ಬೆಕ್ಕು ಪರಚಿತು' ಎಂಬ ಉತ್ತರ. ಮನಸ್ಸಿನ ನೋವು ತಾಳಲಾರದೆ ಬೇಕೆಂದೇ ತಮ್ಮ ದೇಹಕ್ಕೆ ಗಾಯ ಮಾಡಿಕೊಳ್ಳುವುದನ್ನು ಸ್ವಯಂ ಹಾನಿ ಎನ್ನುತ್ತಾರೆ. ಹೆಚ್ಚಾಗಿ ಇದು ಶುರುವಾಗುವುದು ಹದಿಹರೆಯದಲ್ಲಿ, ಹುಡುಗಿಯರಲ್ಲೂ ಹುಡುಗರಲ್ಲೂ.

'ಗಮನ ಸೆಳೆಯೋಕೆ ಮಾಡ್ತಾರೆ' ಎಂಬ ಮಾತು ನಮ್ಮ ಮನೆಗಳಲ್ಲಿ ಬಹಳ ಬೇಗ ಬರುತ್ತದೆ. ಆದರೆ ಬಹುತೇಕರು ಗಾಯವನ್ನು ಮುಚ್ಚಿಡುತ್ತಾರೆ. ಗಮನ ಬೇಕಿದ್ದವರು ಯಾಕೆ ಮುಚ್ಚಿಡಬೇಕು? ಸಿಟ್ಟು, ಅವಮಾನ, ಒಂಟಿತನ ಅಥವಾ ಏನೂ ಅನ್ನಿಸದ ಜಡತೆಯಿಂದ ಹೊರಬರಲು ಬೇರೆ ದಾರಿ ಕಾಣದೆ ಹೀಗೆ ಮಾಡುತ್ತಾರೆ. ಹಿಂದೆಯೇ ನಾಚಿಕೆ, ತಪ್ಪಿತಸ್ಥ ಭಾವ ಬಂದು ನೋವು ಇನ್ನಷ್ಟು ಹೆಚ್ಚುತ್ತದೆ.

ಎಲ್ಲರಲ್ಲೂ ಸಾಯುವ ಉದ್ದೇಶ ಇರುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿ ಇದನ್ನು ಆತ್ಮಹತ್ಯೆ ಯತ್ನದಿಂದ ಬೇರೆಯಾಗಿಯೇ ಗುರುತಿಸಿದೆ. ಹಾಗೆಂದು ಹಗುರವಾಗಿ ಬಿಡುವಂತಿಲ್ಲ. ಇಂಥವರಲ್ಲಿ ಮುಂದೆ ಆತ್ಮಹತ್ಯೆಯ ಅಪಾಯ ಹೆಚ್ಚು. 'ಸಾಯಬೇಕು ಅಂತ ಅನ್ನಿಸುತ್ತಾ?' ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ.

ಮೊದಲು ಗಾಯಕ್ಕೆ ಔಷಧಿ ಹಚ್ಚಿ, ಆಮೇಲೆ ಮಾತು. 'ಏನಾಯ್ತು, ನನ್ನ ಹತ್ರ ಹೇಳ್ತೀಯಾ?' ಎಂದಷ್ಟೇ ಕೇಳಿ ಸುಮ್ಮನೆ ಕುಳಿತರೂ ಸಾಕು. 'ಇನ್ಮೇಲೆ ಮಾಡಲ್ಲ ಅಂತ ನನ್ನ ಮೇಲೆ ಆಣೆ ಮಾಡು' ಎಂದು ಅಮ್ಮಂದಿರು ಹೇಳುವುದುಂಟು. ಪ್ರೀತಿಯಿಂದಲೇ ಹೇಳುತ್ತಾರೆ, ನಿಜ. ಆದರೆ ಈ ಅಭ್ಯಾಸ ಒಂದೇ ದಿನಕ್ಕೆ ಬಿಡುವಂಥದ್ದಲ್ಲ. ಆಣೆ ಮುರಿದ ದಿನ ಮಗು ನಿಮ್ಮಿಂದಲೂ ಗಾಯ ಮುಚ್ಚಿಡುತ್ತದೆ. 'ಮತ್ತೆ ಹಾಗನ್ನಿಸಿದರೆ ನನ್ನನ್ನು ಎಬ್ಬಿಸು, ರಾತ್ರಿ ಎರಡು ಗಂಟೆಯಾದರೂ ಸರಿ' ಎನ್ನಿ. ಚಿಕ್ಕಪ್ಪ, ದೊಡ್ಡಮ್ಮಂದಿರನ್ನು ಕರೆದು ಪಂಚಾಯ್ತಿ ಮಾಡುವುದಂತೂ ಬೇಡವೇ ಬೇಡ.

ಇದಕ್ಕೆ ಚಿಕಿತ್ಸೆ ಇದೆ. ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಅವುಗಳಲ್ಲೊಂದು. ಅದನ್ನು ರೂಪಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್, ಹರೆಯದಲ್ಲಿ ತಾವೂ ಹೀಗೆ ಗಾಯ ಮಾಡಿಕೊಂಡು ಆಸ್ಪತ್ರೆಯಲ್ಲಿದ್ದುದನ್ನು 2011ರಲ್ಲಿ ಬಹಿರಂಗವಾಗಿ ಹೇಳಿಕೊಂಡರು.

ಮುಂಬೈ, ಪುಣೆ, ಚೆನ್ನೈ ಎಲ್ಲೇ ಇರಿ, ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಆರಿಸಿಕೊಳ್ಳಬಹುದಾದ ಭಾಷೆಗಳಲ್ಲಿ ಕನ್ನಡವೂ ಇದೆ. ಪೊಲೀಸ್ ಕೇಸ್ ಆಗುತ್ತದೆ ಎಂದು ಹೆದರಿ ಆಸ್ಪತ್ರೆ ತಪ್ಪಿಸಬೇಡಿ. ಆತ್ಮಹತ್ಯೆಗೆ ಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಗಾಯ ಆಳವಾಗಿದ್ದರೆ ಅಥವಾ ಏನಾದರೂ ನುಂಗಿದ್ದರೆ ತಡಮಾಡದೆ 112ಕ್ಕೆ ಕರೆ ಮಾಡಿ, ಆಸ್ಪತ್ರೆ ತಲುಪುವವರೆಗೂ ಅವರನ್ನು ಒಂಟಿಯಾಗಿ ಬಿಡಬೇಡಿ.