ಅದೇ 1089 ಸಿಸಿ, ಕುದುರೆ ಹೆಂಗ ಹೆಚ್ಚಾದ್ವು?

ಹಳೇ ಗಾಡಿ, ಹಳೇ ಕಥಿ – ಭಾಗ 4

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲೇ ಇರ್ರಿ. ನಿಮ್ಮ ಓಣ್ಯಾಗ ಯಾರದಾದ್ರೂ ಪ್ರೀಮಿಯರ್ ಪದ್ಮಿನಿ ತಾಡಪತ್ರಿ ಹೊದ್ದು ನಿಂತಿದ್ರ, ‘ಸ್ವಲ್ಪ ಪಿಕಪ್ ಹೆಚ್ಚ ಮಾಡ್ಸೋಣ’ ಅನ್ನೋ ಆಸೆ ನಿಮಗಿದ್ರ, ಪಾರ್ಟ್ ಕೊಳ್ಳೋಕಿಂತ ಮೊದಲ ಈ ಎಂಜಿನ್ನಿನ ಇತಿಹಾಸ ಓದ್ರಿ. ಯಾವ ಪಾರ್ಟ್ ಹಾಕಬೇಕು ಅಂತ ಅದs ಹೇಳ್ತದ.

ಪದ್ಮಿನಿ ಮುಂಬೈ ಗಾಡಿ ಅಂತೀವಿ. ಆದ್ರ ಆ ಕಂಪನಿ ಕಟ್ಟಿದ ವಾಲಚಂದ್ ಹೀರಾಚಂದ್ ಹುಟ್ಟಿದ್ದು 1882ರಲ್ಲಿ, ಸೊಲ್ಲಾಪುರದಾಗ. ಇಂಡಿ ರೋಡ್ ಸ್ಟೇಷನ್‌ದಾಗ ರೈಲು ಹತ್ತಿದ್ರ ಹೊಟಗಿ ದಾಟಿ ಬರೋ ಊರು! 1930ರ ದಶಕದಲ್ಲಿ ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಹಿಡಿದು ಓಡಾಡಿದವರು ನಮ್ಮ ವಿಶ್ವೇಶ್ವರಯ್ಯನವರು. ವಾಲಚಂದ್ ಅವರ ಜೊತೀಗೆ ನಿಂತರು. ಬ್ರಿಟಿಷ್ ಸರ್ಕಾರ ಕೈ ಹಿಡೀಲಿಲ್ಲ. 1940ರಲ್ಲಿ ವಾಲಚಂದ್ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು, ಇವತ್ತಿನ ಎಚ್‌ಎಎಲ್‌ನ ಬೇರು ಅದು. ಪ್ರೀಮಿಯರ್ ಆಟೊಮೊಬೈಲ್ಸ್ ಬಂದದ್ದು 1944ರಲ್ಲಿ. ಅಂದ್ರ ವಿಮಾನ ಮೊದಲು, ಕಾರು ಆಮ್ಯಾಲ.

1950ರ ದಶಕದಾಗ ಫಿಯಟ್ 1100, 1964ರಾಗ ಅದರ ಡಿಲೈಟ್, 70ರ ದಶಕದಾಗ ಪದ್ಮಿನಿ ಅಂತ ಹೆಸರು. ಎಂಜಿನ್ ಮಾತ್ರ ಅದೇ: ಬೋರ್ 68 ಮಿ.ಮೀ., ಸ್ಟ್ರೋಕ್ 75 ಮಿ.ಮೀ., ನಾಕು ಸಿಲಿಂಡರ್, 1089 ಸಿಸಿ. ಇಟಲಿಯವರು 1221 ಸಿಸಿಗೆ ಹೋದ್ರು, ನಾವು ಅಲ್ಲೇ ನಿಂತ್ವಿ. ಲೈಸೆನ್ಸ್ ರಾಜ್ ಕಾಲ. ಗಿರಾಕಿ ವರ್ಷಗಟ್ಟಲೆ ಪಾಳಿ ಹಚ್ಚಿ ನಿಂತಿದ್ರ ಎಂಜಿನ್ ಯಾರು ಬದಲಿಸ್ತಾರ? (ಬಿಕಾಂನವ್ರು ಇದನ್ನ ಪರೀಕ್ಷಾದಾಗ ಉದಾಹರಣೆ ಕೊಡ್ರಿ.)

ಆದ್ರ ಮಜಾ ಇರೋದು ಇಲ್ಲಿ. 1953ರಲ್ಲಿ ಫಿಯಟ್ ಸಾದಾ 1100ರಿಂದ ತೆಗೆದದ್ದು 36 ಕುದುರೆ ಶಕ್ತಿ. ಅದೇ ವರ್ಷ ‘ಟಿವಿ’ ಅನ್ನೋ ಜೋರು ಮಾಡೆಲ್ ತಂದು, ಅದೇ 1089 ಸಿಸಿಯನ್ನ 50ರ ಹತ್ರ ಒಯ್ದರು. ಬೋರ್ ಮುಟ್ಟಲಿಲ್ಲ. ದೊಡ್ಡ ವೆಬರ್ ಕಾರ್ಬುರೇಟರ್ ಕೂಡಿಸಿ, ಕಂಪ್ರೆಷನ್ ಏರಿಸಿದರು. ಹಗುರ ಟ್ಯೂನಿಂಗ್ ಅಂದ್ರ ಇಷ್ಟೇ: ಉಸಿರು ಸಲೀಸಾಗಿ ಒಳಗ ಹೋಗಬೇಕು, ಗಟ್ಟಿಯಾಗಿ ಒತ್ತಬೇಕು, ಹೊಗೆ ತಡೀದೆ ಹೊರಗ ಬರಬೇಕು. ಒಂದನ್ನೇ ಬದಲಿಸಿದ್ರ ನಡೆಯಂಗಿಲ್ಲ. ಬರೇ ದೊಡ್ಡ ಕಾರ್ಬುರೇಟರ್ ಹಾಕಿಸಿದವನಿಗೆ ಹೆಚ್ಚಾಗೋದು ಪೆಟ್ರೋಲ್ ಖರ್ಚು.

ಈಗ 1953ರ ಪೆಟ್ರೋಲೂ ಇಲ್ಲ. ಆಗ ಅದರಾಗ ಸೀಸ ಇರ್ತಿತ್ತು, ಅದು ವಾಲ್ವ್ ಸೀಟ್ ಕಾಯ್ತಿತ್ತು. 2000ದಾಗ ದೇಶದ ತುಂಬ ಸೀಸ ಬಂದ್ ಆತು. ಹಿಂಗಾಗಿ ಹೆಡ್ ಬಿಚ್ಚಿದಾಗ ಗಟ್ಟಿ ಲೋಹದ ಎಗ್ಜಾಸ್ಟ್ ವಾಲ್ವ್ ಸೀಟ್ ಕೂಡಿಸ್ರಿ. ಕಂಪ್ರೆಷನ್ ಏರಸಾಕ ಹೆಡ್ ಸ್ವಲ್ಪ ಉಜ್ಜಿಸೋದೂ ಆವಾಗs, ಮಜೂರಿ ಒಮ್ಮೆ ಮಾತ್ರ. ಇನ್ನ ಎಥನಾಲ್. ನಮ್ಮ ಭೀಮಾ ದಂಡಿ ಕಬ್ಬಿನಂಥದರಿಂದಲೇ ಆಗೋದು, ಅದರ ಮ್ಯಾಲ ಸಿಟ್ಟಿಲ್ಲ. ಜಾಸ್ತಿ ಕಂಪ್ರೆಷನ್ ತಡಕೊಳ್ಳೋದು ಅದರ ಛಲೋ ಗುಣ. ಹಳೇ ರಬ್ಬರ್ ಮಾತ್ರ ತಿಂತದ: ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂ ಎರಡೂ ಎಥನಾಲ್ ತಡಿಯೋವೇ ಬೇಕು. ಮಿಶ್ರಣ ತೆಳ್ಳಗಾಗ್ತದ, ಅದಕ್ಕ ಮೇನ್ ಜೆಟ್ ಒಂದು ಸೈಜ್ ದೊಡ್ಡದು.

ಇಷ್ಟರ ಮೊದಲ ಬ್ರೇಕ್. ಪದ್ಮಿನಿಗೆ ನಾಕೂ ಗಾಲಿಗೆ ಡ್ರಮ್, ಒತ್ತೋ ಕಾಲಿನ ಬಲದ ಮ್ಯಾಲೇ ನಿಲ್ಲಬೇಕು. ಲೈನಿಂಗ್, ವ್ಹೀಲ್ ಸಿಲಿಂಡರ್ ಹೊಸಾವು ಹಾಕದ ಪಿಕಪ್ ಏರಿಸೋದು ಹುಚ್ಚುತನ, ಮನಿಮಂದಿ ಕೂಡೋ ಗಾಡಿ ಅದು. ರೇಡಿಯೇಟರ್ ತೊಳಸ್ರಿ, ಏಪ್ರಿಲ್‌ದಾಗ ನಮ್ಮ ಕಡೆ 40 ಡಿಗ್ರಿ.

ಗ್ಯಾರೇಜಿಗೆ ಹೋದ ದಿನ ಮೊದಲು ಕಂಪ್ರೆಷನ್ ಟೆಸ್ಟ್ ಕೇಳ್ರಿ. ನಾಕೂ ಸಿಲಿಂಡರ್ ಹೆಚ್ಚುಕಮ್ಮಿ ಒಂದೇ ಸಮ ತೋರಿಸದಿದ್ರ ಟ್ಯೂನಿಂಗ್ ಮಾತು ಬಿಟ್ಟು, ಆ ರೊಕ್ಕ ರಿಂಗು, ವಾಲ್ವಿಗೆ ಹಾಕ್ರಿ.

ಮುಂದಿನ ಭಾಗ: ಮೈಸೂರಿನ ಜಾವಾ.