ಬಯಲಾಟ: ಮಲೆನಾಡಿನ ಬೇಸಿಗೆ ಇರುಳಿನ ಸಂಭ್ರಮ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಹಾಗೂ ತೀರ್ಥಹಳ್ಳಿ ತಾಲೂಕುಗಳಲ್ಲಿ ಬೇಸಿಗೆಯೆಂದರೆ ಬಯಲಾಟದ ಕಾಲ. ತೆರೆದ ಬಯಲಿನಲ್ಲಿ ರಂಗಸ್ಥಳ ಕಟ್ಟಿ ಇರುಳಿಡೀ ಆಡುವ ಯಕ್ಷಗಾನವೇ ಬಯಲಾಟ. ಜನರ ಬಾಯಲ್ಲಿ ಅದು ಬರೀ 'ಆಟ'. ಈ ಭಾಗದಲ್ಲಿ ರೂಢಿಯಲ್ಲಿರುವುದು ಬಡಗುತಿಟ್ಟು.

ಆಟದ ಕಾಲವನ್ನು ನಿರ್ಧರಿಸುವುದು ಮಳೆ. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಮಳೆಗಾಲದಲ್ಲಿ ಬಯಲೇ ಇರುವುದಿಲ್ಲ. ಆದ್ದರಿಂದ ಮೇಳಗಳು ನವೆಂಬರ್ ಹೊತ್ತಿಗೆ ತಿರುಗಾಟ ಆರಂಭಿಸಿ ಮೇ ಅಂತ್ಯದ ವೇಳೆಗೆ ಗೆಜ್ಜೆ ಬಿಚ್ಚುತ್ತವೆ. ಬೇಸಿಗೆ ಬರುವಷ್ಟರಲ್ಲಿ ಭತ್ತದ ಗದ್ದೆ ಒಣಗಿರುತ್ತದೆ, ಅಡಕೆ ಕೊಯ್ಲೂ ಮುಗಿದಿರುತ್ತದೆ. ಗದ್ದೆಯೇ ರಂಗಭೂಮಿಯಾಗುತ್ತದೆ, ರೈತನೇ ಪ್ರೇಕ್ಷಕನಾಗುತ್ತಾನೆ. ಸಾಗರ ತಾಲೂಕಿನದೇ ಆದ ಹೆಗ್ಗೋಡಿನಲ್ಲಿ ನೀನಾಸಂ 1972ರಲ್ಲಿ ರಂಗಮಂದಿರ ಕಟ್ಟಿಕೊಂಡು ನಾಟಕಕ್ಕೊಂದು ಸೂರು ಒದಗಿಸಿತು. ಬಯಲಾಟಕ್ಕೆ ಮಾತ್ರ ಇಂದಿಗೂ ಆಕಾಶವೇ ಸೂರು.

ಡೇರೆ ಮೇಳದ ಆಟಕ್ಕೆ ಟಿಕೆಟ್ ಉಂಟು. ಹರಕೆಯಾಟದ ವೆಚ್ಚವನ್ನು ಸೇವೆ ಆಡಿಸುವ ಮನೆಯವರೇ ಭರಿಸುತ್ತಾರೆ; ಬಂದವರಿಗೆಲ್ಲ ಅದು ಉಚಿತ. ಉಡುಪಿ ಜಿಲ್ಲೆಯ ಮಂದಾರ್ತಿ ಮೇಳಗಳು ಘಟ್ಟ ಹತ್ತಿ ಇಲ್ಲಿಗೂ ಬರುತ್ತವೆ. ಈ ಸೇವೆಗೆ ಹಲವು ವರ್ಷ ಮೊದಲೇ ಹೆಸರು ಬರೆಸಿ ಕಾಯಬೇಕಾಗುತ್ತದೆ. ಸಾಗರ ತಾಲೂಕಿನ ಸಿಗಂದೂರು ಚೌಡೇಶ್ವರಿಯ ಹೆಸರಿನಲ್ಲಿಯೂ ಮೇಳವಿದೆ.

ಬಯಲಾಟ ನೋಡುವುದಕ್ಕಿಂತ ಮೊದಲು ಕೇಳುವಂಥದ್ದು. ಚಂಡೆಯ ಸದ್ದು ಗುಡ್ಡ ದಾಟಿ ಬಂದು ಊರನ್ನು ಕರೆಯುತ್ತದೆ. ರಂಗಸ್ಥಳದ ಹಿಂಬದಿಯಲ್ಲಿ ಭಾಗವತ, ಮದ್ದಳೆ ಹಾಗೂ ಚಂಡೆಗಳ ಹಿಮ್ಮೇಳ ಕೂರುತ್ತದೆ. ಭಾಗವತನು ಪ್ರಸಂಗದ ಪದ್ಯ ಹಾಡಿದರೆ ವೇಷಧಾರಿ ಅದಕ್ಕೆ ಕುಣಿದು, ಆಶುವಾಗಿ ಮಾತನಾಡುತ್ತಾನೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಹಾಡು ಬಯಲಿನ ಕೊನೆಗೂ ತಲುಪಬೇಕಿತ್ತು. ಭಾಗವತಿಕೆಯ ಏರುಶ್ರುತಿ ಆ ಅಗತ್ಯಕ್ಕೂ ಒದಗಿತು. ಗುಂಡ್ಮಿ ಕಾಳಿಂಗ ನಾವಡ (1958-1990) ಅವರ ಕಂಠಕ್ಕಾಗಿಯೇ ಆಟಕ್ಕೆ ಹೋಗುತ್ತಿದ್ದವರಿದ್ದರು.

ಇದೀಗ ಬದಲಾಗುತ್ತಿರುವುದು ಆಟದ ಅವಧಿ. 2000ದ ಶಬ್ದಮಾಲಿನ್ಯ ನಿಯಮಗಳು ತೆರೆದ ಸ್ಥಳದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬಳಕೆಯನ್ನು ನಿರ್ಬಂಧಿಸುತ್ತವೆ. ಮರುದಿನ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರಿಗೂ ಇರುಳಿಡೀ ಕೂರುವುದು ಕಷ್ಟ. ಹೀಗಾಗಿ ಕಾಲಮಿತಿಯ ಪ್ರದರ್ಶನಗಳು ಹೆಚ್ಚಿವೆ. ಇದರಿಂದ ಹೊಸ ಪ್ರೇಕ್ಷಕರು ದೊರೆತಿರುವುದು ನಿಜ. ಆದರೆ ಪದ್ಯಗಳು ಕಡಿತಗೊಂಡಷ್ಟೂ ನಿಧಾನವಾಗಿ ಅರಳುವ ಪಾತ್ರಕ್ಕೆ ಅವಕಾಶ ಕಿರಿದಾಗುತ್ತದೆ. ಆರಂಭದ ಪೂರ್ವರಂಗದಲ್ಲಿ ಕಲಿಯುತ್ತಿದ್ದ ಎಳೆಯ ಕಲಾವಿದನಿಗೂ ರಂಗದ ಅಭ್ಯಾಸ ಕಡಿಮೆಯಾಗುತ್ತದೆ.

ಪಟ್ಟಣದಿಂದ ಆಟಕ್ಕೆ ಹೋಗುವವರು ಚಾಪೆಯೊಂದಿಗೆ ಕಂಬಳಿಯನ್ನೂ ಒಯ್ಯುವುದು ಲೇಸು. ಹಗಲು ಎಷ್ಟೇ ಸೆಕೆಯಿದ್ದರೂ ಮಲೆನಾಡಿನ ಇರುಳು ತಂಪು. ನಡುರಾತ್ರಿ ತೂಕಡಿಸಿದರೂ ಅಡ್ಡಿಯಿಲ್ಲ. ರಾಜವೇಷವೊಂದು ರಂಗಕ್ಕೆ ಬರುವಾಗ ಚಂಡೆಯೇ ಎಬ್ಬಿಸುತ್ತದೆ. ಬೆಳಗಿನ ಜಾವ ಮಂಗಳ ಹಾಡಿ ಆಟ ಮುಗಿಯುವ ಹೊತ್ತಿಗೆ, ಮನೆಯ ದಾರಿ ಕಾಣುವಷ್ಟು ಬೆಳಕು ಹರಿದಿರುತ್ತದೆ.